ಹೊಸ ಇಎಂಟಿಯ ಸೊಂಟದ ಚೀಲ: ಒಂದು ವರ್ಷ ಬಳಸಿದ ಮೇಲಿನ ವಿಮರ್ಶೆ

ತುರ್ತು ವೈದ್ಯಕೀಯ ತಂತ್ರಜ್ಞರ (ಇಎಂಟಿ) ತರಬೇತಿ ಮುಗಿಸಿ ಮೊದಲ ಬಾರಿಗೆ ಆಂಬುಲೆನ್ಸ್ ಹತ್ತುವುದಕ್ಕೆ ಒಂದು ವಾರವಿದ್ದಾಗ ನಾನು ಒಂದು ಕಿಟ್ ಕೊಂಡೆ. ಹೊಸದಾಗಿ ಕೆಲಸಕ್ಕೆ ಸೇರುವ ಇಎಂಟಿಗಳಿಗೆಂದೇ ಇಂಥ ಕಿಟ್‌ಗಳನ್ನು ಹಲವು ತಯಾರಕರು ಮಾರುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಚೀಲದ ಬಣ್ಣ ಬಿಟ್ಟರೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ನನ್ನದು ಯಾರ ತಯಾರಿಕೆ ಎಂಬುದನ್ನು ಇಲ್ಲಿ ಹೇಳುತ್ತಿಲ್ಲ. ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುವ ಒಂದು ಚೀಲ, ಅದರಲ್ಲಿ ಬಟ್ಟೆ ಕತ್ತರಿಸುವ ಕತ್ತರಿ, ಪೆನ್ ಟಾರ್ಚ್, ರಕ್ತದಲ್ಲಿನ ಆಮ್ಲಜನಕವನ್ನು ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್, ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿಯಾದ ಟೂರ್ನಿಕೆ, ಕಾರಿನ ಗಾಜು ಒಡೆಯುವ ಸಾಧನ, ಬಾಯಿಂದ ಉಸಿರು ಕೊಡಲು ಮಡಚಿಟ್ಟ ಪಾಕೆಟ್ ಮಾಸ್ಕ್. ಜೊತೆಗೆ ಜಿಪ್ ಇರುವ ಇನ್ನೊಂದು ಪುಟ್ಟ ಚೀಲದಲ್ಲಿ ಸ್ಟೆತೊಸ್ಕೋಪ್ ಮತ್ತು ಕೈಯಿಂದ ಗಾಳಿ ಒತ್ತುವ ಬಿ.ಪಿ. ಮಾಪಕ. ಕೊಂಡ ದಿನ ಇವನ್ನೆಲ್ಲ ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿ ಬಹಳ ಹೊತ್ತು ನೋಡಿದ್ದೆನೆಂದು ಒಪ್ಪಿಕೊಳ್ಳಲು ಈಗ ಸ್ವಲ್ಪ ನಾಚಿಕೆಯಾಗುತ್ತದೆ. ಒಂದು ವರ್ಷದ ಪಾಳಿಗಳಲ್ಲಿ ಇವುಗಳಲ್ಲಿ ಯಾವುದು ಕೈಗೆ ಬಂತು, ಯಾವುದು ಸೊಂಟಕ್ಕೆ ಭಾರವಾಗಿಯೇ ಉಳಿಯಿತು ಎಂಬುದನ್ನು, ಇದೇ ಕಿಟ್ಟಿನ ಮುಂದೆ ನಿಂತು ಯೋಚಿಸುತ್ತಿರುವ ಹೊಸಬರಿಗಾಗಿ ಬರೆಯುತ್ತಿದ್ದೇನೆ.

ಕಿಟ್ಟನ್ನು ತೂಗಿ ನೋಡುವುದಕ್ಕೆ ಮೊದಲು ಕೆಲಸ ಎಂಥದ್ದೆಂದು ಹೇಳಬೇಕು. ಹೊಸಬರ ಮನಸ್ಸಿನಲ್ಲಿ ಈ ಕೆಲಸವೆಂದರೆ ಗಾಜು ಒಡೆದು ಒಳನುಗ್ಗುವುದು, ಚಿಮ್ಮುವ ರಕ್ತವನ್ನು ನಿಲ್ಲಿಸುವುದು. ವಾಸ್ತವದಲ್ಲಿ ಮೊದಲ ವರ್ಷದ ಬಹುಪಾಲು ಹೊತ್ತು ಹೋಗುವುದು ಎಣಿಸುವುದರಲ್ಲಿ, ಕೇಳಿಸಿಕೊಳ್ಳುವುದರಲ್ಲಿ ಮತ್ತು ಬರೆದಿಡುವುದರಲ್ಲಿ. ನಾಡಿ ಎಷ್ಟು, ಉಸಿರು ಎಷ್ಟು, ರಕ್ತದೊತ್ತಡ ಎಷ್ಟು, ಕಣ್ಣಿನ ಪಾಪೆಗಳು ಒಂದೇ ಅಳತೆಯಲ್ಲಿವೆಯೇ, ಯಾವ ಔಷಧ ಒಗ್ಗುವುದಿಲ್ಲ, ಯಾವ ಮಾತ್ರೆ ನುಂಗುತ್ತಿದ್ದಾರೆ, ಹಿಂದೆ ಯಾವ ಕಾಯಿಲೆಯಿತ್ತು, ಕೊನೆಯ ಬಾರಿ ಊಟ ಮಾಡಿದ್ದು ಯಾವಾಗ, ನೋವು ಶುರುವಾದಾಗ ಏನು ಮಾಡುತ್ತಿದ್ದರು ಎಂಬುದನ್ನೆಲ್ಲ ಕೇಳಿ ತಿಳಿದು, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಸುಮಾರು 15 ನಿಮಿಷಕ್ಕೊಮ್ಮೆ, ಇಲ್ಲವಾದರೆ 5 ನಿಮಿಷಕ್ಕೊಮ್ಮೆ ಮತ್ತೆ ಅಳೆದು, ಆಸ್ಪತ್ರೆಯ ಬಾಗಿಲಲ್ಲಿ ಎಲ್ಲವನ್ನೂ ಅರ್ಧ ನಿಮಿಷದಲ್ಲಿ ಒಪ್ಪಿಸಬೇಕು. ಆಮ್ಲಜನಕ, ಉಸಿರು ಒತ್ತುವ ಬ್ಯಾಗ್, ಬಾಯಿ ಗಂಟಲಿನ ದ್ರವ ಹೀರಿ ತೆಗೆಯುವ ಸಕ್ಷನ್ ಯಂತ್ರ, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ, ಮುರಿದ ಮೂಳೆಗೆ ಕಟ್ಟುವ ಪಟ್ಟಿ ಎಲ್ಲವೂ ವಾಹನದಲ್ಲೇ ಇರುತ್ತವೆ. ಆದ್ದರಿಂದ ಸ್ವಂತಕ್ಕೆ ಕೊಂಡ ಪ್ರತಿಯೊಂದು ವಸ್ತುವನ್ನೂ, ಎಣಿಸಲು, ಕೇಳಲು, ಬರೆಯಲು ಇದು ನನಗೆ ಎಷ್ಟು ನೆರವಾಯಿತು ಎಂಬ ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ.

ಆ ಲೆಕ್ಕದಲ್ಲಿ ಇಡೀ ಕಿಟ್ಟಿಗೆ ಕೊಟ್ಟ ಹಣ ಸಾರ್ಥಕವಾದದ್ದು ಜಿಪ್ಪಿನ ಚೀಲದಿಂದ. ವಾಹನದಲ್ಲಿ ತಾನೇ ಅಳೆದು ಅಂಕಿ ತೋರಿಸುವ ಯಂತ್ರವಿರುವಾಗ ಕೈಯ ಮಾಪಕ ಯಾಕೆ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ರೋಗಿ ನಡುಗುತ್ತಿದ್ದರೆ, ನಾಡಿ ತಾಳ ತಪ್ಪಿದ್ದರೆ, ರಕ್ತದೊತ್ತಡ ತೀರ ಕೆಳಗಿಳಿದಿದ್ದರೆ ಆ ಯಂತ್ರ ಮತ್ತೆ ಮತ್ತೆ ಗಾಳಿ ತುಂಬಿಕೊಂಡು ಕೊನೆಗೆ ದೋಷದ ಸಂಕೇತ ತೋರಿಸುತ್ತದೆ, ಅಥವಾ ನಂಬಲಾಗದ ಒಂದು ಅಂಕಿಯನ್ನು ಕೊಡುತ್ತದೆ. ಅಳತೆ ಅತ್ಯಗತ್ಯವಾದ ರೋಗಿಯಲ್ಲೇ ಯಂತ್ರ ಕೈಕೊಡುವುದರಿಂದ ಪ್ರತಿ ರೋಗಿಯ ಮೊದಲ ಅಳತೆಯನ್ನು ಕೈಯಿಂದಲೇ ತೆಗೆಯಬೇಕೆಂದು ನನ್ನ ಹಿರಿಯ ಸಹೋದ್ಯೋಗಿ ಪಟ್ಟು ಹಿಡಿಯುತ್ತಿದ್ದರು.

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ವಿಧಾನವನ್ನು ಇಟಲಿಯ ವೈದ್ಯ ರಿವಾ-ರೊಚ್ಚಿ 1896ರಲ್ಲಿ ತಂದಾಗ ಅದು ಬೆರಳಿನಿಂದ ನಾಡಿ ಮುಟ್ಟಿ ನೋಡುವ ವಿಧಾನವಾಗಿತ್ತು. ಪಟ್ಟಿಯ ಕೆಳಗೆ ಸ್ಟೆತೊಸ್ಕೋಪ್ ಇಟ್ಟು ಸದ್ದು ಕೇಳುವ ಪದ್ಧತಿಯನ್ನು ರಷ್ಯಾದ ವೈದ್ಯ ಕೊರೊಟ್ಕಾಫ್ 1905ರಲ್ಲಿ ವಿವರಿಸಿದರು. ತರಗತಿಯಲ್ಲಿ ಎರಡನೆಯದನ್ನು ಚೆನ್ನಾಗಿ ಕಲಿತ ನನಗೆ ಆಂಬುಲೆನ್ಸಿನಲ್ಲಿ ಹೆಚ್ಚು ಒದಗಿದ್ದು ಮೊದಲನೆಯದು. ಓಡುವ ವಾಹನದ ಒಳಗೆ ಎಂಜಿನ್ನಿನ ಗುಡುಗು, ಸೈರನ್, ಕಪಾಟಿನ ಬಾಗಿಲುಗಳ ಗಡಗಡ ಎಲ್ಲವೂ ಸ್ಟೆತೊಸ್ಕೋಪಿನ ಕೊಳವೆಯೊಳಗೆ ಸೇರಿಕೊಳ್ಳುತ್ತವೆ. ಆಗ ಮುಂಗೈಯ ನಾಡಿಯ ಮೇಲೆ ಬೆರಳಿಟ್ಟು, ಗಾಳಿ ಏರಿಸಿ, ನಾಡಿ ಮಾಯವಾದ ಮೇಲೆ ಇನ್ನೂ 20ರಿಂದ 30 ಮಿಲಿಮೀಟರ್ (ಒತ್ತಡವನ್ನು ಪಾದರಸದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ) ಮೇಲಕ್ಕೆ ಹೋಗಿ, ಸೆಕೆಂಡಿಗೆ 2ರಿಂದ 3 ಮಿಲಿಮೀಟರಿನಂತೆ ಇಳಿಸುತ್ತ ಬಂದರೆ, ನಾಡಿ ಮರಳಿ ಬೆರಳಿಗೆ ತಾಗಿದ ಕ್ಷಣದ ಅಂಕಿಯೇ ಮೇಲಿನ ಒತ್ತಡ. ಕೆಳಗಿನ ಅಂಕಿ ಸಿಗುವುದಿಲ್ಲ, ಸಿಗಲಿಲ್ಲವೆಂದೇ ಬರೆಯಬೇಕು.

ಈ ಮಾಪಕದ ಕವಾಟದ ತಿರುಪು ನಯವಾಗಿರುವುದನ್ನು ಇಲ್ಲಿ ಮೆಚ್ಚಿ ಹೇಳಬೇಕು. ಗ್ಲೌಸ್ ಹಾಕಿದ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮುಳ್ಳು ಒಂದೇ ಹದದಲ್ಲಿ ಇಳಿಯುತ್ತದೆ. ತರಬೇತಿಯಲ್ಲಿ ನಾವು ಬಳಸುತ್ತಿದ್ದ ಹಳೆಯ ಮಾಪಕದಲ್ಲಿ ತಿರುಪು ಒಮ್ಮೆ ಬಿಗಿದು ಆಮೇಲೆ ದಡಕ್ಕನೆ ಸಡಿಲವಾಗುತ್ತಿತ್ತು. ಕೊರತೆಯೆಂದರೆ ಕಿಟ್ಟಿನಲ್ಲಿ ವಯಸ್ಕರ ಸಾಮಾನ್ಯ ಅಳತೆಯ ಒಂದೇ ಪಟ್ಟಿ ಇದೆ. ಪಟ್ಟಿಯೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು ಶೇಕಡ 40ರಷ್ಟಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಪಟ್ಟಿ ತುದಿ ಮುಟ್ಟದೆ ಅಂಟು ಬಿಟ್ಟುಕೊಂಡರೆ ದೋಷ ಕಣ್ಣಿಗೆ ಕಾಣುತ್ತದೆ, ಹೇಗೋ ಎಳೆದು ಅಂಟಿಸಿದರೆ ಕಾಣುವುದಿಲ್ಲ. ದೊಡ್ಡ ಪಟ್ಟಿಯೊಂದನ್ನು ನಾನು ಬೇರೆಯಾಗಿ ಕೊಳ್ಳಬೇಕಾಯಿತು.

ಸ್ಟೆತೊಸ್ಕೋಪ್ ಎರಡು ಮುಖದ್ದು, ಒಂದು ಕಡೆ ತೆಳು ಪೊರೆಯ ಅಗಲ ಮುಖ, ಇನ್ನೊಂದು ಕಡೆ ಗಂಟೆಯಾಕಾರದ್ದು. ಯಾವುದನ್ನು ಬಳಸಬೇಕೋ ಆ ಕಡೆಗೆ ಅದರ ಕತ್ತನ್ನು ಟಕ್ಕೆಂದು ತಿರುಗಿಸಿಕೊಳ್ಳಬೇಕು. ಈ ಸಣ್ಣ ಸಂಗತಿ ಗೊತ್ತಿದ್ದೂ ನನ್ನ ಎರಡನೆಯ ಪಾಳಿಯಲ್ಲಿ, ಉಬ್ಬಸದಿಂದ ಮುಂದಕ್ಕೆ ಬಾಗಿ ಕೂತಿದ್ದ ಒಬ್ಬ ಹಿರಿಯರ ಬೆನ್ನಿಗೆ ಅದನ್ನಿಟ್ಟು, ಎರಡೂ ಕಡೆ ಏನೂ ಕೇಳಿಸದೆ, ಗಾಳಿಯೇ ಒಳಗೆ ಹೋಗುತ್ತಿಲ್ಲವೆಂದು ಗಾಬರಿಯಿಂದ ಹೇಳಿಬಿಟ್ಟೆ. ಹಿರಿಯ ಸಹೋದ್ಯೋಗಿ ಮಾತಾಡದೆ ಕೈಚಾಚಿ ಸ್ಟೆತೊಸ್ಕೋಪಿನ ಕತ್ತನ್ನು ಅರ್ಧ ಸುತ್ತು ತಿರುಗಿಸಿದರು. ಮರುಕ್ಷಣವೇ ಸೀಟಿ ಊದಿದಂಥ ಸದ್ದು ಕಿವಿ ತುಂಬಿತು. ಅಂದಿನಿಂದ ರೋಗಿಯ ಮೈಗೆ ಇಡುವ ಮುನ್ನ ಪೊರೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುವುದು ಅಭ್ಯಾಸವಾಗಿದೆ. ಒಂದೇ ಮುಖದ, ತಿರುಗಿಸುವ ಗೊಡವೆಯೇ ಇಲ್ಲದ ಸ್ಟೆತೊಸ್ಕೋಪ್ ಕೊಟ್ಟಿದ್ದರೆ ಹೊಸಬರಿಗೆ ಹೆಚ್ಚು ಅನುಕೂಲವಾಗುತ್ತಿತ್ತೆಂಬುದು ನನ್ನ ಅಭಿಪ್ರಾಯ. ಸ್ಟೆತೊಸ್ಕೋಪಿನ ಮೊದಲ ರೂಪವಾಗಿ 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಸುರುಳಿ ಸುತ್ತಿದ ಕಾಗದದ ಒಂದು ತುದಿಯನ್ನು ರೋಗಿಯ ಎದೆಗಿಟ್ಟು ಇನ್ನೊಂದು ತುದಿಗೆ ಕಿವಿಗೊಟ್ಟಾಗ ಕೆಡುವ ಭಾಗವೊಂದೂ ಅದರಲ್ಲಿ ಇರಲಿಲ್ಲ. ಕೊಳವೆಯ ಬಗ್ಗೆಯೂ ಒಂದು ಮಾತು: ಕುತ್ತಿಗೆಗೆ ಹಾಕಿಕೊಂಡು ತಿರುಗುವುದರಿಂದ ಚರ್ಮದ ಎಣ್ಣೆ ಹತ್ತಿ ಅದು ಬಿರುಸಾಗುತ್ತದೆ, ಬೆವರಿಗೆ ಬಣ್ಣ ಬಿಡುತ್ತದೆ. ತಬ್ಬಿಬ್ಬಾದ ರೋಗಿಯೊಬ್ಬರು ಅದನ್ನೇ ಹಿಡಿದು ನನ್ನನ್ನು ಬಗ್ಗಿಸಿದ ಮೇಲೆ ನಾನು ಅದನ್ನು ಜೇಬಿಗೆ ವರ್ಗಾಯಿಸಿದ್ದೇನೆ.

ಇನ್ನು ಕತ್ತರಿ. ಒಂದು ಅಲಗಿನ ತುದಿ ಚಪ್ಪಟೆಯಾಗಿ ತುಟಿಯಂತೆ ಹೊರಳಿರುವ, ಹಿಡಿ ಓರೆಯಾಗಿರುವ ಈ ಕತ್ತರಿಯ ವಿನ್ಯಾಸದಲ್ಲಿ ತಪ್ಪು ಹುಡುಕುವಂತಿಲ್ಲ; ಚಪ್ಪಟೆ ತುದಿ ಚರ್ಮಕ್ಕೆ ತಾಗಿಕೊಂಡು ಜಾರುತ್ತ ಹೋದರೆ ಬಟ್ಟೆ ಮಾತ್ರ ಸೀಳುತ್ತದೆ. ನಾನು ಕಂಡ ಮೊದಲ ಹೃದಯ ಸ್ತಂಭನದಲ್ಲಿ ಇಡೀ ಕಿಟ್ಟಿನಿಂದ ಹೊರಬಂದದ್ದು ಇದೊಂದೇ. ಹಿರಿಯರು ಆಗಲೇ ಎದೆ ಒತ್ತಲು ಶುರುಮಾಡಿದ್ದರು, ಎಇಡಿಯ ಪ್ಯಾಡ್ ಅಂಟಿಸಲು ಅಂಗಿ ತೆಗೆಯಬೇಕಿತ್ತು. ಗುಂಡಿ ಬಿಚ್ಚಲು ತೊಡಗಿದ್ದ ನನಗೆ ‘ಕತ್ತರಿಸು’ ಎಂದರು. ಕೆಳಗಿನ ಅಂಚಿನಿಂದ ಕೊರಳಿನವರೆಗೆ ಒಂದೇ ಎಳೆತಕ್ಕೆ ಸೀಳಿತು, ಒಳಗಿನ ಬನಿಯನ್ನೂ ಹಾಗೆಯೇ. ಆಮೇಲೆ ಎದೆಯ ಬೆವರನ್ನು ಒರೆಸಿ ಪ್ಯಾಡ್ ಅಂಟಿಸಿ, ನಿಮಿಷಕ್ಕೆ 100ರಿಂದ 120ರಂತೆ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಷ್ಟು ಆಳಕ್ಕೆ ಒತ್ತುತ್ತ, ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿಕೊಳ್ಳುತ್ತ ಹೋದ ಹೊತ್ತಿನಲ್ಲಿ ಸೊಂಟದ ಚೀಲ ನನ್ನ ಪಕ್ಕೆಗೆ ಒತ್ತಿ ನೋಯುತ್ತಿದ್ದುದು ನೆನಪಿದೆ.

ಆದರೆ ಆ ಕತ್ತರಿ ಮೂರು ತಿಂಗಳು ಬಾಳಲಿಲ್ಲ. ಎರಡು ಅಲಗುಗಳನ್ನು ಜೋಡಿಸಿದ್ದು ತಿರುಪಿನಿಂದಲ್ಲ, ಬಡಿದು ಕೂರಿಸಿದ ರಿವೆಟ್ಟಿನಿಂದ. ಒಂದು ದಪ್ಪ ಜೀನ್ಸಿನ ಅಂಚಿನ ಹೊಲಿಗೆಯ ಮೇಲೆ ಒತ್ತಿದ್ದೇ ತಡ, ಅಲಗುಗಳು ಪರಸ್ಪರ ದೂರ ಸರಿದು ಬಟ್ಟೆಯನ್ನು ಕತ್ತರಿಸುವ ಬದಲು ಮಡಚಿ ಕಚ್ಚಿಕೊಂಡವು. ರಿವೆಟ್ ಸಡಿಲವಾದರೆ ಬಿಗಿ ಮಾಡುವ ದಾರಿಯಿಲ್ಲ, ಕೀಲಿನೊಳಗೆ ಸೇರಿದ ರಕ್ತವನ್ನು ತೊಳೆಯಲು ಬಿಚ್ಚುವಂತೆಯೂ ಇಲ್ಲ. ತಿರುಪಿರುವ ಕತ್ತರಿಯನ್ನು ಮುಂಚೆಯೇ ಕೊಳ್ಳುವುದು ಲೇಸು. ಜೊತೆಗೆ, ಇರಿತ ಅಥವಾ ಗುಂಡೇಟಿನ ಗಾಯವಿದ್ದರೆ ಬಟ್ಟೆಯಲ್ಲಾಗಿರುವ ತೂತನ್ನು ಬಿಟ್ಟು ಪಕ್ಕದಲ್ಲಿ ಕತ್ತರಿಸಬೇಕೆಂಬುದನ್ನು ಕಿಟ್ಟಿನ ಕೈಪಿಡಿ ಹೇಳುವುದಿಲ್ಲ. ಆ ತೂತು ಆಮೇಲೆ ಪೊಲೀಸರಿಗೆ ಸಾಕ್ಷ್ಯವಾಗುತ್ತದೆ.

ಬೆರಳಿನ ಆಕ್ಸಿಮೀಟರ್ ಕೆಟ್ಟ ವಸ್ತುವಲ್ಲ. ಆದರೆ ಹೊಸಬರನ್ನು ದಾರಿ ತಪ್ಪಿಸುವ ವಸ್ತು ಕಿಟ್ಟಿನಲ್ಲಿ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಕೆಂಪು ಮತ್ತು ಅವಕೆಂಪು ಎಂಬ ಎರಡು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ಆಮ್ಲಜನಕ ಹೊತ್ತ ರಕ್ತವೂ ಹೊರದ ರಕ್ತವೂ ಅವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದನ್ನು ನಾಡಿಯ ಮಿಡಿತದ ಜೊತೆ ಹೋಲಿಸಿ ಲೆಕ್ಕ ಹಾಕುವುದು ಇದರ ಕೆಲಸ. ಜಪಾನಿನ ಎಂಜಿನಿಯರ್ ತಕುಒ ಅಒಯಾಗಿ 1970ರ ದಶಕದಲ್ಲಿ ಕಂಡುಕೊಂಡ ತತ್ತ್ವ ಇದು. ಮಿಡಿತವೇ ಬೆರಳಿನ ತುದಿಗೆ ತಲುಪದಿದ್ದರೆ, ಎಂದರೆ ಕೈ ತಣ್ಣಗಿದ್ದರೆ ಅಥವಾ ರಕ್ತ ಹೋಗಿ ಮೈಯ ರಕ್ತಸಂಚಾರವೇ ಕುಸಿದಿದ್ದರೆ, ಲೆಕ್ಕಕ್ಕೆ ಆಧಾರವೇ ಇರುವುದಿಲ್ಲ. ಗಾಢ ಬಣ್ಣದ ಉಗುರುಬಣ್ಣ ಅದನ್ನು ಕೆಡಿಸಬಲ್ಲದು. ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸುವ ಸಾಧ್ಯತೆ ಹೆಚ್ಚೆಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಎಲ್ಲಕ್ಕಿಂತ ಅಪಾಯದ್ದು ಹೊಗೆ ತುಂಬಿದ ಮನೆಯಿಂದ ಹೊರತಂದವರ ವಿಷಯ: ಕಾರ್ಬನ್ ಮೊನಾಕ್ಸೈಡ್ ಹತ್ತಿದ ಹಿಮೊಗ್ಲೋಬಿನ್ನನ್ನು ಈ ಪುಟ್ಟ ಯಂತ್ರ ಆಮ್ಲಜನಕ ಹೊತ್ತದ್ದೆಂದೇ ಓದಿಕೊಳ್ಳುವುದರಿಂದ, ಉಸಿರುಗಟ್ಟುತ್ತಿರುವವರ ಬೆರಳಿನಲ್ಲೂ 98 ಎಂದು ಹಸಿರಾಗಿ ಬೆಳಗಬಹುದು.

ಅದು ತೋರಿಸುವ ನಾಡಿಯ ಅಂಕಿ, ನಾನೇ ಮುಂಗೈ ಹಿಡಿದು ಎಣಿಸಿದ್ದಕ್ಕೆ ಹೊಂದಿಕೆಯಾಗದಿದ್ದರೆ ಆಮ್ಲಜನಕದ ಅಂಕಿಯನ್ನೂ ನಾನು ಬರೆದುಕೊಳ್ಳುವುದಿಲ್ಲ. ವಾಹನದಲ್ಲಿ ಇದಕ್ಕಿಂತ ಉತ್ತಮವಾದದ್ದು ಇದ್ದೇ ಇರುತ್ತದೆ, ಸ್ವಂತಕ್ಕೆ ಬೇಕಾಗಿಲ್ಲ. ನನ್ನದರ ಬ್ಯಾಟರಿಯ ಮುಚ್ಚಳ ಆರನೆಯ ವಾರ ಎಲ್ಲೋ ಬಿದ್ದುಹೋಯಿತು, ಅಲ್ಲಿಂದ ಈಚೆಗೆ ಅಂಟುಪಟ್ಟಿಯಲ್ಲಿ ಸುತ್ತಿಕೊಂಡು ಕೂತಿದೆ.

ಟೂರ್ನಿಕೆಯ ವಿಚಾರದಲ್ಲಿ ಖಾರವಾಗಿಯೇ ಬರೆಯಬೇಕಾಗಿದೆ. ಕೈಕಾಲಿನ ಗಾಯದಿಂದ ರಕ್ತ ಧಾರೆಯಾಗಿ ಹರಿಯುತ್ತಿದ್ದು ಒತ್ತಿ ಹಿಡಿದರೂ ನಿಲ್ಲದಿದ್ದಾಗ, ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲನ್ನು ಬಿಟ್ಟು, ಪಟ್ಟಿ ಬಿಗಿದು, ಅದರ ಕಡ್ಡಿಯನ್ನು ರಕ್ತ ನಿಲ್ಲುವವರೆಗೆ ತಿರುಚಿ, ಸಿಕ್ಕಿಸಿ, ವೇಳೆಯನ್ನು ಬರೆಯಬೇಕು. ಇಡೀ ಸಾಧನ ನಿಂತಿರುವುದು ಆ ಕಡ್ಡಿಯ ಗಟ್ಟಿತನದ ಮೇಲೆ. ಪ್ರಮಾಣಿತ ಟೂರ್ನಿಕೆಗಳನ್ನು ಹೋಲುವ ನಕಲಿಗಳು ಮಾರುಕಟ್ಟೆಯಲ್ಲಿವೆ, ಅವುಗಳ ಕಡ್ಡಿ ತಿರುಚುವಾಗ ಬಾಗುತ್ತದೆ ಅಥವಾ ಮುರಿಯುತ್ತದೆ. ನನ್ನ ಕಿಟ್ಟಿನದನ್ನು ಬಿಡುವಿನ ಹೊತ್ತಿನಲ್ಲಿ ನನ್ನ ತೊಡೆಗೇ ಕಟ್ಟಿ ಪರೀಕ್ಷಿಸಿದಾಗ ಎರಡನೆಯ ಸುತ್ತಿಗೆ ಕಡ್ಡಿ ಬಿಲ್ಲಿನಂತೆ ಬಾಗಿತು. ಅದರ ಮೇಲೆ ಯಾವ ತಯಾರಕರ ಗುರುತೂ ಇರಲಿಲ್ಲ. ಈಗ ಅದಕ್ಕೆ ಶಾಯಿಯಲ್ಲಿ ‘ಅಭ್ಯಾಸಕ್ಕೆ ಮಾತ್ರ’ ಎಂದು ಬರೆದು ಬೇರೆ ಇಟ್ಟಿದ್ದೇನೆ. ಜೀವ ಉಳಿಸಬೇಕಾದ ವಸ್ತುವನ್ನು ಒಂಬತ್ತರಲ್ಲಿ ಒಂದೆಂದು ಎಣಿಕೆ ತುಂಬಿಸಲು ಸೇರಿಸುವುದನ್ನು ಕ್ಷಮಿಸುವುದು ಕಷ್ಟ.

ಪೆನ್ ಟಾರ್ಚ್ ಸಾಕಷ್ಟು ಚೆನ್ನಾಗಿದೆ. ಬದಿಯಲ್ಲಿ ಪಾಪೆಯ ಅಳತೆಯ ಚುಕ್ಕಿಗಳನ್ನು ಮಿಲಿಮೀಟರಿನಲ್ಲಿ ಅಚ್ಚು ಹಾಕಿದ್ದಾರೆ, ಅವು ಇನ್ನೂ ಅಳಿಸಿಲ್ಲ. ಬೆಳಕು ಮಾತ್ರ ತೀರ ಚುರುಕು. ಎದುರಿನಿಂದ ಹಿಡಿಯದೆ ಕಿವಿಯ ಕಡೆಯಿಂದ ತಂದರೆ ರೋಗಿ ಕಣ್ಣು ಬಿಗಿದು ಮುಚ್ಚಿಕೊಳ್ಳುವುದಿಲ್ಲ. ಗಾಜು ಒಡೆಯುವ ಸಾಧನವನ್ನು ನಾನು ಒಮ್ಮೆಯೂ ಬಳಸಿಲ್ಲ. ಮುಂಭಾಗದ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಸೇರಿಸಿ ಮಾಡಿದ್ದಾದ್ದರಿಂದ ಅದಕ್ಕೆ ಜಗ್ಗುವುದಿಲ್ಲ, ಪಕ್ಕದ ಗಾಜು ಒಡೆಯುವ ಕೆಲಸ ಅದಕ್ಕೆಂದೇ ಉಡುಪು ತೊಟ್ಟು ಬರುವ ಅಗ್ನಿಶಾಮಕ ಸಿಬ್ಬಂದಿಯದು. ಪಾಕೆಟ್ ಮಾಸ್ಕ್ ಪಾಳಿಯಲ್ಲಿ ಬೇಕಾಗಿಲ್ಲ, ಪಾಳಿ ಮುಗಿದು ಮನೆಗೆ ಹೋಗುವ ದಾರಿಗೆ ಇರಲಿ. ಅದರ ಏಕಮುಖ ಕವಾಟ ಸರಿಯಾಗಿದೆಯೇ ಎಂದು ಒಮ್ಮೆ ಊದಿ ನೋಡಿ ಇಟ್ಟುಕೊಳ್ಳಿ.

ಚೀಲದ ಬಗ್ಗೆ ನನ್ನ ದೂರು ಗುಣಮಟ್ಟದ್ದಲ್ಲ, ಹೊಲಿಗೆ ಗಟ್ಟಿಯಾಗಿಯೇ ಇದೆ. ಅದು ಸೊಂಟದಿಂದ ಅಂಗೈ ದಪ್ಪದಷ್ಟು ಹೊರಚಾಚುತ್ತದೆ. ಸ್ಟ್ರೆಚರಿನ ಕಂಬಿಗೆ, ಬಾಗಿಲ ಹಿಡಿಗೆ, ಇಕ್ಕಟ್ಟಾದ ಮೆಟ್ಟಿಲಿನ ಕಟಕಟೆಗೆ ಸಿಕ್ಕಿಕೊಳ್ಳುತ್ತದೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹಿಮ್ಮುಖವಾಗಿ ಇಳಿಯುವಾಗ ಹಾಗೆ ಸಿಕ್ಕಿ ಅರೆಕ್ಷಣ ತಡವರಿಸಿದೆ. ಎರಡು ತಿಂಗಳಿಗೆ ಚೀಲ ಲಾಕರ್ ಸೇರಿತು. ಹೊಸ ಕತ್ತರಿ, ಟಾರ್ಚ್, ಸ್ಟೆತೊಸ್ಕೋಪ್ ಮೂರೂ ಪ್ಯಾಂಟಿನ ಜೇಬುಗಳಿಗೆ ಬಂದವು. ಚೀಲ ಬಟ್ಟೆಯದಾದ್ದರಿಂದ ರಕ್ತ, ವಾಂತಿ ತಾಗಿದರೆ ಒರೆಸಿ ಸ್ವಚ್ಛಗೊಳಿಸಲಾಗುವುದಿಲ್ಲ ಎಂಬುದೂ ಒಂದು ಕಾರಣ.

ಕಿಟ್ಟಿನಲ್ಲಿ ಇಲ್ಲದ್ದನ್ನೂ ಹೇಳಬೇಕು, ಏಕೆಂದರೆ ದಿನವಿಡೀ ಬೇಕಾಗುವ ವಸ್ತುಗಳೇ ಅದರಲ್ಲಿಲ್ಲ. ಸೆಕೆಂಡಿನ ಮುಳ್ಳಿರುವ ಗಡಿಯಾರವಿಲ್ಲದೆ ಉಸಿರನ್ನು ಎಣಿಸಲಾಗುವುದಿಲ್ಲ. ವಯಸ್ಕರಲ್ಲಿ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಉಸಿರು ಸಹಜ, ಎಣಿಸದೆ ಅಂದಾಜಿಗೆ ಹದಿನಾರೆಂದು ಬರೆಯುವ ಚಾಳಿ ಹೊಸಬರಿಗೆ ಬೇಗ ಅಂಟುತ್ತದೆ, ನನಗೂ ಅಂಟಿತ್ತು. ಎಣಿಸುತ್ತಿದ್ದೇವೆಂದು ತಿಳಿದರೆ ರೋಗಿಯ ಉಸಿರಿನ ಲಯ ಬದಲಾಗುವುದರಿಂದ ನಾಡಿ ಹಿಡಿದಂತೆಯೇ ಕೈಯಿಟ್ಟುಕೊಂಡು ಎದೆಯ ಏರಿಳಿತ ನೋಡಬೇಕು. ಪಕ್ಕದಿಂದ ಸಿಡಿಯುವುದನ್ನೂ ತಡೆಯುವ ಕಣ್ಣಿನ ಕನ್ನಡಕ, ಒದ್ದೆ ನೆಲದಲ್ಲಿ ಜಾರದ ಅಟ್ಟೆಯ ಬೂಟು, ಒದ್ದೆಯಾದರೂ ಬರೆಯಬಲ್ಲ ಪೆನ್ನು, ಜೇಬಿಗೆ ಹಿಡಿಯುವ ಪುಸ್ತಕ, ಒಂದೆರಡು ಜೊತೆ ಹೆಚ್ಚುವರಿ ನೈಟ್ರೈಲ್ ಗ್ಲೌಸ್ ಇವಿಷ್ಟನ್ನು ಮೊದಲು ಹೊಂದಿಸಿಕೊಂಡು, ಆಮೇಲೆ ಹಣ ಉಳಿದರೆ ಒಳ್ಳೆಯ ಸ್ಟೆತೊಸ್ಕೋಪ್ ಕೊಳ್ಳಿ. ಪುಸ್ತಕ ಮರೆತ ದಿನ ನಾನು ಎಡಗೈಯ ಗ್ಲೌಸಿನ ಮೇಲೆ ಬಿ.ಪಿ. ಬರೆದುಕೊಂಡು, ಆಸ್ಪತ್ರೆ ತಲುಪಿ ಅಭ್ಯಾಸಬಲದಿಂದ ಅದನ್ನು ಕಳಚಿ ಕಸದ ಬುಟ್ಟಿಗೆ ಹಾಕಿದ್ದೇನೆ.

ಹಾಗಾದರೆ ಈ ಕಿಟ್ ಕೊಳ್ಳಬಹುದೇ ಎಂದರೆ, ಬಿ.ಪಿ. ಮಾಪಕ ಮತ್ತು ಟಾರ್ಚನ್ನು ಬಿಡಿಯಾಗಿ ಕೊಳ್ಳಿ, ಅದೂ ಸೇವೆಗೆ ಸೇರಿ ಎರಡು ವಾರ ಕಳೆದು ನಿಮ್ಮ ವಾಹನದಲ್ಲಿ ಏನೇನಿದೆ ಎಂದು ನೋಡಿಕೊಂಡ ಮೇಲೆ, ಎಂಬುದು ನನ್ನ ಸಲಹೆ. ನಾನು ಹೊಗಳಿದ ಮಾಪಕಕ್ಕೂ ಈಗ ವಯಸ್ಸಾಗಿದೆ. ಕಳೆದ ತಿಂಗಳಿನಿಂದ ಗಾಳಿ ಪೂರ್ತಿ ಇಳಿದ ಮೇಲೂ ಅದರ ಮುಳ್ಳು ಸೊನ್ನೆಗೆ ಬಾರದೆ ನಾಲ್ಕರ ಬಳಿ ನಿಲ್ಲುತ್ತಿದೆ. ಮುಳ್ಳು ಸೊನ್ನೆಯಲ್ಲಿ ನಿಲ್ಲದ ಮಾಪಕವನ್ನು ಸರಿಪಡಿಸುವವರೆಗೆ ರೋಗಿಯ ತೋಳಿಗೆ ಸುತ್ತಬಾರದು. ಖಾತರಿಯ ಅವಧಿ ಇನ್ನೂ ಮುಗಿದಿಲ್ಲವೆಂದು ತಯಾರಕರಿಗೆ ಬರೆದಾಗ, ಮೂಲ ಪೆಟ್ಟಿಗೆಯ ಸಮೇತ ಕಳುಹಿಸಬೇಕೆಂದು ಉತ್ತರ ಬಂತು. ಪೆಟ್ಟಿಗೆಯನ್ನು ನಾನು ಕೊಂಡ ದಿನವೇ ಎಸೆದಿದ್ದೆ. ನೀವು ಎಸೆಯಬೇಡಿ.